ಡಿಸ್ಟೆನ್ಸ್ 1 ಇದ್ದ ರೂಟ್ ಸೋತು, 110 ಇದ್ದದ್ದು ಗೆದ್ದದ್ದು ಹೇಗೆ? ರೂಟಿಂಗ್ ಪದಗಳ ಬಗ್ಗೆ ಒಂದು ಚರ್ಚೆ

ಹೊಸ ಕೇಬಲ್:

ಎಲ್ಲರಿಗೂ ನಮಸ್ಕಾರ. ರೂಟಿಂಗ್ ಬಗ್ಗೆ ನಾನು ಓದಿಕೊಂಡದ್ದಕ್ಕೂ ನನ್ನ ಮುಂದಿರುವ ರೂಟರ್ ಮಾಡುತ್ತಿರುವುದಕ್ಕೂ ತಾಳೆಯಾಗುತ್ತಿಲ್ಲ. ನಾನು ನೋಡಿಕೊಳ್ಳುವ ಎರಡು ಕಟ್ಟಡಗಳ ನಡುವೆ ಮೊದಲಿನಿಂದಲೂ 1 ಗಿಗಾಬಿಟ್‌ನ ಒಂದು ಲಿಂಕ್ ಇದೆ. ಅದರ ಎರಡೂ ತುದಿಯ ರೂಟರ್‌ಗಳು ಓಎಸ್‌ಪಿಎಫ್ (ರೂಟರ್‌ಗಳು ದಾರಿಗಳ ಸುದ್ದಿಯನ್ನು ತಾವೇ ಹಂಚಿಕೊಳ್ಳುವ ಪ್ರೊಟೊಕಾಲ್) ಮೂಲಕ ತಮ್ಮ ತಮ್ಮ ನೆಟ್‌ವರ್ಕ್‌ಗಳನ್ನು ಪರಸ್ಪರ ತಿಳಿಸುತ್ತವೆ. ಈಗ 10 ಗಿಗಾಬಿಟ್‌ನ ಇನ್ನೊಂದು ಲಿಂಕ್ ಬಂದಿದೆ. ಅದರ ನಡುವೆ ಬ್ರಿಜ್ ಮೋಡ್‌ನಲ್ಲಿ, ಅಂದರೆ ತಾನು ರೂಟ್ ಮಾಡದೆ ಪ್ಯಾಕೆಟ್‌ಗಳನ್ನು ಶೋಧಿಸಿ ದಾಟಿಸುತ್ತ, ಒಂದು ಫೈರ್‌ವಾಲ್ ಕುಳಿತಿದೆ. ಹೊಸ ಲಿಂಕ್‌ನಲ್ಲಿ ಓಎಸ್‌ಪಿಎಫ್ ಇನ್ನೂ ಹಾಕಿಲ್ಲ. ಆಚೆ ಕಟ್ಟಡದ ದಟ್ಟಣೆಯೆಲ್ಲ ಈ ಲಿಂಕ್ ಹಿಡಿಯಲಿ ಎಂದು 10.20.0.0/16 ಗೆ ಒಂದು ಸ್ಟ್ಯಾಟಿಕ್ ರೂಟ್ (ಕೈಯಾರೆ ಕೊಡುವ ದಾರಿ) ಬರೆದೆ.

ಆದರೆ 10.20.30.7 ಗೆ ಹೋಗುವ ಪ್ಯಾಕೆಟ್‌ಗಳು ಈಗಲೂ ಹಳೆಯ ಲಿಂಕ್‌ನಲ್ಲೇ ಹೋಗುತ್ತಿವೆ. ಟೇಬಲ್ ತೆರೆದು ನೋಡಿದರೆ ನನ್ನ ಸ್ಟ್ಯಾಟಿಕ್ ರೂಟ್ ಅಲ್ಲಿದೆ. ಅದರ ಕೆಳಗೆ ಓಎಸ್‌ಪಿಎಫ್‌ನಿಂದ ಬಂದ 10.20.30.0/24 ಕೂಡ ಇದೆ, ಚೌಕ ಆವರಣದಲ್ಲಿ 110/2 ಎಂದಿದೆ. ಸ್ಟ್ಯಾಟಿಕ್ ರೂಟ್‌ನ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ 1, ಓಎಸ್‌ಪಿಎಫ್‌ನದು 110, ಕಡಿಮೆ ಇದ್ದದ್ದೇ ಮೇಲು ಎಂದು ನಾನು ಬಾಯಿಪಾಠ ಮಾಡಿದ್ದೇನೆ. ಹಾಗಿದ್ದ ಮೇಲೆ 1 ಸೋತದ್ದು ಹೇಗೆ?

ಮೂರನೆಯ ಪದರ:

ಸೋತಿಲ್ಲ, ಏಕೆಂದರೆ ಅವೆರಡರ ನಡುವೆ ಸ್ಪರ್ಧೆಯೇ ನಡೆದಿಲ್ಲ. ಡಿಸ್ಟೆನ್ಸ್ ಎಂಬ ಸಂಖ್ಯೆಯನ್ನು ರೂಟರ್ ನೋಡುವುದು ಒಂದೇ ಪ್ರಿಫಿಕ್ಸ್, ಅಂದರೆ ಅದೇ ವಿಳಾಸ ಮತ್ತು ಅದೇ ಮಾಸ್ಕ್ (ಓರೆಗೆರೆಯ ನಂತರದ ಸಂಖ್ಯೆ, ವಿಳಾಸದ ಮೊದಲ ಎಷ್ಟು ಬಿಟ್‌ಗಳು ಹೊಂದಬೇಕೆಂಬುದು), ಎರಡು ಬೇರೆ ಮೂಲಗಳಿಂದ ಬಂದಾಗ ಮಾತ್ರ. 10.20.0.0/16 ಮತ್ತು 10.20.30.0/24 ರೂಟರ್‌ನ ಲೆಕ್ಕದಲ್ಲಿ ಎರಡು ಬೇರೆ ಬೇರೆ ಊರುಗಳು. ಆದ್ದರಿಂದ ಎರಡಕ್ಕೂ ಟೇಬಲ್‌ನಲ್ಲಿ ಜಾಗ ಸಿಕ್ಕಿತು. ಪ್ಯಾಕೆಟ್ ಬಂದಾಗ ನಡೆಯುವುದು ಇನ್ನೊಂದು ಹಂತ, ಅಲ್ಲಿ ನಿಯಮವೂ ಇನ್ನೊಂದು: ಗಮ್ಯ ವಿಳಾಸಕ್ಕೆ ಹೊಂದುವ ಸಾಲುಗಳ ಪೈಕಿ ಅತಿ ಉದ್ದದ ಪ್ರಿಫಿಕ್ಸ್ ಯಾವುದೋ ಅದನ್ನೇ ಹಿಡಿಯಬೇಕು. 10.20.30.7 ಎರಡಕ್ಕೂ ಹೊಂದುತ್ತದೆ. 16 ಬಿಟ್‌ಗಳ ಹೊಂದಿಕೆಗಿಂತ 24 ಬಿಟ್‌ಗಳ ಹೊಂದಿಕೆ ಹೆಚ್ಚು ನಿಖರ. ಪ್ಯಾಕೆಟ್ ಓಎಸ್‌ಪಿಎಫ್ ಹೇಳಿದ ಕಡೆಗೆ ಹೋಯಿತು. ಈ ಹಂತದಲ್ಲಿ ಡಿಸ್ಟೆನ್ಸ್ 1 ಆಗಿರಲಿ 200 ಆಗಿರಲಿ, ಕೇಳುವವರಿಲ್ಲ.

ನಾನು ಹೊಸಬರಿಗೆ ಹೇಳಿಕೊಡುವಾಗ ರೂಟಿಂಗ್ ಪದಗಳನ್ನು ಅರ್ಥದ ಪ್ರಕಾರ ಕಲಿಸುವುದನ್ನು ಬಿಟ್ಟು, ಅವು ಯಾವ ಹಂತದಲ್ಲಿ ಬಳಕೆಗೆ ಬರುತ್ತವೆ ಎಂಬುದರ ಪ್ರಕಾರ ಕಲಿಸುತ್ತೇನೆ. ಒಂದೇ ಪ್ರೊಟೊಕಾಲ್‌ನ ಒಳಗೆ ಒಂದೇ ಊರಿಗೆ ಹಲವು ದಾರಿಗಳಿದ್ದರೆ ಅವನ್ನು ಅಳೆಯುವುದು ಮೆಟ್ರಿಕ್. ಹಾಗೆ ಗೆದ್ದು ಬಂದ ಬೇರೆ ಬೇರೆ ಪ್ರೊಟೊಕಾಲ್‌ಗಳ ಅಭ್ಯರ್ಥಿಗಳಲ್ಲಿ ಯಾರ ಮಾತನ್ನು ನಂಬಬೇಕು ಎಂದು ತೀರ್ಮಾನಿಸುವುದು ಡಿಸ್ಟೆನ್ಸ್. ಇಷ್ಟೆಲ್ಲ ಮುಗಿದು ಟೇಬಲ್ ಸಿದ್ಧವಾದ ಮೇಲೆ, ಪ್ಯಾಕೆಟ್ ಬಾಗಿಲಿಗೆ ಬಂದಾಗ, ಉದ್ದದ ಪ್ರಿಫಿಕ್ಸ್. ನಿಮ್ಮ ಆವರಣದ 110/2 ರಲ್ಲಿ ಮೊದಲನೆಯದು ಡಿಸ್ಟೆನ್ಸ್, ಎರಡನೆಯದು ಮೆಟ್ರಿಕ್. ಒಂದೇ ಆವರಣದಲ್ಲಿ ಅಕ್ಕಪಕ್ಕ ಕೂತಿವೆ ಎಂಬ ಕಾರಣಕ್ಕೆ ಅವು ಬಂಧುಗಳೆಂದು ತಿಳಿಯಬೇಡಿ.

ಪದಬಂಧಿ:

ಅರ್ಧ ತಪ್ಪು ಆ ಹೆಸರಿನದೇ. ಅದು ದೂರವೇ ಅಲ್ಲ, ನಂಬಿಕೆಯ ಕ್ರಮ. ಸಿಸ್ಕೊ ಡಿಸ್ಟೆನ್ಸ್ ಎನ್ನುವುದನ್ನು ಜುನಿಪರ್ ಪ್ರಿಫರೆನ್ಸ್ ಎನ್ನುತ್ತದೆ, ಅದೇ ಸರಿಯಾದ ಹೆಸರೆಂದು ನನ್ನ ಅಭಿಪ್ರಾಯ. ಆದರೆ ಸಂಖ್ಯೆಗಳು ಅಲ್ಲಿ ಪೂರ್ತಿ ಬೇರೆ, ಸ್ಟ್ಯಾಟಿಕ್ 5, ಓಎಸ್‌ಪಿಎಫ್‌ನ ಒಳಗಿನ ರೂಟ್‌ಗಳಿಗೆ 10, ಬೇರೆ ಬೇರೆ ಆಡಳಿತದ ಜಾಲಗಳ ನಡುವೆ ಬಳಸುವ ಬಿಜಿಪಿಗೆ 170. ಆದ್ದರಿಂದ 110 ಎಂಬುದು ಓಎಸ್‌ಪಿಎಫ್‌ನ ಜನ್ಮಸಿದ್ಧ ಗುಣವೆಂದು ಬಾಯಿಪಾಠ ಮಾಡಿದವರು ಬೇರೆ ಕಂಪನಿಯ ಪೆಟ್ಟಿಗೆಯ ಮುಂದೆ ಕುಳಿತಾಗ ತಬ್ಬಿಬ್ಬಾಗುತ್ತಾರೆ. ಇದು ಪ್ರೊಟೊಕಾಲ್‌ನ ಸಂದೇಶಗಳಲ್ಲಿ ಎಲ್ಲಿಯೂ ಪ್ರಯಾಣಿಸುವುದಿಲ್ಲ. ಆಯಾ ರೂಟರ್‌ನ ಖಾಸಗಿ ಅಭಿಪ್ರಾಯವಷ್ಟೆ.

ಪದಗಳ ಮಾತು ಬಂದದ್ದರಿಂದ ಇನ್ನೊಂದು. ರೂಟಿಂಗ್ ಮತ್ತು ಫಾರ್ವರ್ಡಿಂಗ್ ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಮೊದಲನೆಯದು ದಾರಿ ಯಾವುದೆಂದು ಮೊದಲೇ ತೀರ್ಮಾನಿಸಿಡುವ ಕೆಲಸ, ಎರಡನೆಯದು ಆ ತೀರ್ಮಾನ ನೋಡಿ ಕೈಗೆ ಬಂದ ಪ್ಯಾಕೆಟ್ಟನ್ನು ಮುಂದಿನ ಕೈಗೆ ದಾಟಿಸುವ ಕೆಲಸ. ಫಾರ್ವರ್ಡಿಂಗ್‌ಗೆ 'ಮುಂದೂಡಿಕೆ' ಎಂದು ಅನುವಾದಿಸಿದ್ದನ್ನು ಒಂದು ಕಡೆ ಓದಿ, ಪ್ಯಾಕೆಟ್ಟಿಗೂ ಸಭೆಗೆ ಕೊಡುವ ಹಾಗೆ ಮುಂದಿನ ವಾರದ ದಿನಾಂಕ ಕೊಟ್ಟರಲ್ಲ ಎನ್ನಿಸಿತು. ಕನ್ನಡದಲ್ಲಿ ಹೇಳುವುದಾದರೆ 'ದಾರಿ ನಿರ್ಧಾರ' ಮತ್ತು 'ದಾಟಿಸುವಿಕೆ' ಎನ್ನಬಹುದು; ಇಲ್ಲವಾದರೆ ರೂಟಿಂಗ್, ಫಾರ್ವರ್ಡಿಂಗ್ ಎಂದೇ ಇರಲಿ. ಅಡ್ಡಿ ಭಾಷೆಯದಲ್ಲ, ಎರಡನ್ನು ಒಂದು ಮಾಡುವುದರದು.

ರಾತ್ರಿಪಾಳಿ:

ಹೊಸ ಕೇಬಲ್ ಅವರೇ, ನಿಮ್ಮ 110/2 ರಲ್ಲಿರುವ ಆ 2 ನನ್ನ ಕಣ್ಣಿಗೆ ಬಿತ್ತು. ನಾಳೆ ನೀವು ಹೊಸ ಲಿಂಕ್‌ಗೆ ಓಎಸ್‌ಪಿಎಫ್ ಹಾಕಿದರೆ ಅದು ಎಡವುವುದು ಅಲ್ಲಿಯೇ. ಓಎಸ್‌ಪಿಎಫ್‌ನ ಮೆಟ್ರಿಕ್ಕಾದ ಕಾಸ್ಟ್ ಅನ್ನು ಹಲವು ರೂಟರ್‌ಗಳು ಒಂದು ಆಧಾರ ವೇಗವನ್ನು ಲಿಂಕ್‌ನ ವೇಗದಿಂದ ಭಾಗಿಸಿ ಪಡೆಯುತ್ತವೆ. ಆ ಆಧಾರ ವೇಗ ನಿಮ್ಮ ರೂಟರ್‌ನಲ್ಲಿ ಮೊದಲಿನಿಂದ ಬಂದದ್ದೇ ಉಳಿದಿದ್ದರೆ ಸೆಕೆಂಡಿಗೆ 100 ಮೆಗಾಬಿಟ್ ಆಗಿರುತ್ತದೆ. ಲಿಂಕ್ 100 ಮೆಗಾಬಿಟ್‌ನದಾದರೆ ಕಾಸ್ಟ್ 1. 1 ಗಿಗಾಬಿಟ್‌ನದಾದರೆ ಭಾಗಲಬ್ಧ 0.1 ಬರಬೇಕು, ಆದರೆ 1 ಕ್ಕಿಂತ ಕಡಿಮೆ ಕಾಸ್ಟ್ ಇಲ್ಲವಾದ್ದರಿಂದ ಮತ್ತೆ 1. 10 ಗಿಗಾಬಿಟ್‌ಗೂ 1. ನಿಮ್ಮ ಹಳೆಯ ಲಿಂಕ್‌ಗೆ 1, ಆಚೆ ಕಟ್ಟಡದ ಒಳಗಿನ ಇಂಟರ್‌ಫೇಸ್‌ಗೆ 1, ಒಟ್ಟು 2. ಹೊಸ ಲಿಂಕ್ ಸೇರಿದರೂ 2 ಬರುತ್ತದೆ, ಎರಡೂ ಸಮ ಎಂದು ರೂಟರ್ ದಟ್ಟಣೆಯನ್ನು ಎರಡರ ಮೇಲೂ ಹಂಚುತ್ತದೆ, ಮತ್ತು ನಿಮ್ಮ ಹತ್ತು ಪಟ್ಟು ವೇಗದ ಲಿಂಕ್ ಬಹುಪಾಲು ಖಾಲಿ ಕುಳಿತಿರುತ್ತದೆ.

ಆಧಾರ ವೇಗವನ್ನು 1,00,000 ಮೆಗಾಬಿಟ್‌ಗೆ ಏರಿಸಿ. ಎಲ್ಲ ರೂಟರ್‌ಗಳಲ್ಲೂ ಒಂದೇ ಸಂಖ್ಯೆ ಇರಬೇಕು. ಕೆಲವದರಲ್ಲಿ ಬದಲಿಸಿ ಕೆಲವದರಲ್ಲಿ ಬಿಟ್ಟರೆ ಬೇರೆ ಬೇರೆ ಅಳತೆಗೋಲಿನಿಂದ ಅಳೆದದ್ದನ್ನು ಕೂಡಿಸಿದಂತಾಗುತ್ತದೆ.

ಹೊಸ ಕೇಬಲ್:

ಮೂವರಿಗೂ ಧನ್ಯವಾದ. ಓಎಸ್‌ಪಿಎಫ್ ಮುಟ್ಟುವುದಕ್ಕೆ ಅನುಮತಿ ಬೇಕು, ಅದಕ್ಕಾಗಿ ಕಾಯುತ್ತಿದ್ದೇನೆ. ಅಷ್ಟರಲ್ಲಿ ಒಂದು ಪ್ರಶ್ನೆ. ಆರ್‌ಐಪಿಯಂತಹ ಹಳೆಯ ಪ್ರೊಟೊಕಾಲನ್ನು ಡಿಸ್ಟೆನ್ಸ್ ವೆಕ್ಟರ್ ಎಂದೂ ಓಎಸ್‌ಪಿಎಫ್ ಅನ್ನು ಲಿಂಕ್ ಸ್ಟೇಟ್ ಎಂದೂ ಕರೆಯುತ್ತಾರೆ. ಎರಡೂ ಕೊನೆಗೆ ಕೊಡುವುದು ಅದೇ ಟೇಬಲ್ ಅಲ್ಲವೆ?

ಮೂರನೆಯ ಪದರ:

ಟೇಬಲ್ ಒಂದೇ, ಅದಕ್ಕೆ ಬಂದ ಸುದ್ದಿಯ ಜಾತಿ ಬೇರೆ. ಡಿಸ್ಟೆನ್ಸ್ ವೆಕ್ಟರ್ ಎಂದರೆ ಅಂತೆ ಕಂತೆ. 'ನಾನು ಆ ಊರನ್ನು ಮೂರು ಹೆಜ್ಜೆಯಲ್ಲಿ ಮುಟ್ಟುತ್ತೇನೆ' ಎಂದು ಪಕ್ಕದ ರೂಟರ್ ಹೇಳುತ್ತದೆ. ಹೇಗೆ, ಯಾರ ಮೂಲಕ ಎಂದು ಹೇಳುವುದಿಲ್ಲ. ನೀವು ಒಂದು ಕೂಡಿಸಿ ನಾಲ್ಕು ಎಂದು ಬರೆದುಕೊಂಡು ಇನ್ನೊಬ್ಬರಿಗೆ ಹೇಳುತ್ತೀರಿ. ಲಿಂಕ್ ಸ್ಟೇಟ್‌ನಲ್ಲಿ ಪ್ರತಿಯೊಂದು ರೂಟರ್ ತನ್ನ ಕಣ್ಣಿಗೆ ಕಂಡ ಲಿಂಕ್‌ಗಳನ್ನಷ್ಟೇ ಸಾರುತ್ತದೆ, ಆ ಸಾರಿಕೆ ಬದಲಾಗದೆ ಪ್ರದೇಶದ ಎಲ್ಲರನ್ನೂ ತಲುಪುತ್ತದೆ, ಎಲ್ಲರೂ ಒಂದೇ ನಕ್ಷೆ ಬಿಡಿಸಿಕೊಂಡು ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನದಿಂದ ಹತ್ತಿರದ ದಾರಿಯನ್ನು ತಾವೇ ಲೆಕ್ಕ ಹಾಕುತ್ತಾರೆ.

ಅಂತೆ ಕಂತೆಯ ತೊಂದರೆ ಕೇಬಲ್ ತುಂಡಾದಾಗ ತಿಳಿಯುತ್ತದೆ. ಕ, ಖ, ಗ ಎಂಬ ಮೂರು ರೂಟರ್‌ಗಳು ಸಾಲಾಗಿ ನಿಂತಿವೆ, ಗ ದ ಹಿಂದೆ ಒಂದು ನೆಟ್‌ವರ್ಕ್ ಇದೆ ಎನ್ನಿ. ಗ ಕ್ಕೆ ಅದು 1, ಖ ಕ್ಕೆ 2, ಕ ಕ್ಕೆ 3. ಈಗ ಖ ಮತ್ತು ಗ ನಡುವಿನ ಲಿಂಕ್ ಕಡಿಯಿತು. ಖ ತನ್ನ ದಾರಿ ಹೋಯಿತೆಂದು ಹೇಳುವಷ್ಟರಲ್ಲಿ ಕ ಎಂದಿನಂತೆ 'ನನಗೆ ಅದು 3' ಎನ್ನುತ್ತದೆ. ಆ 3 ತನ್ನದೇ ಹಳೆಯ ಮಾತಿನ ಪ್ರತಿಧ್ವನಿ ಎಂದು ಖ ಕ್ಕೆ ಗೊತ್ತಾಗುವ ಉಪಾಯವಿಲ್ಲ. ಸಂತೋಷದಿಂದ 4 ಎಂದು ಬರೆದುಕೊಳ್ಳುತ್ತದೆ. ಅದನ್ನು ಕೇಳಿ ಕ 5, ಆಮೇಲೆ ಖ 6. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ನಂಬುತ್ತ ಎಣಿಸುತ್ತಾರೆ, ಅಷ್ಟು ಹೊತ್ತೂ ಆ ನೆಟ್‌ವರ್ಕ್‌ಗೆ ಹೊರಟ ಪ್ಯಾಕೆಟ್‌ಗಳು ಇಬ್ಬರ ನಡುವೆ ಚೆಂಡಾಟವಾಡುತ್ತಿರುತ್ತವೆ. ಆರ್‌ಐಪಿಯಲ್ಲಿ 16 ಎಂದರೆ ಅನಂತ ಎಂದು ಗೆರೆ ಎಳೆದದ್ದು ಈ ಎಣಿಕೆ ಎಲ್ಲಿಯಾದರೂ ನಿಲ್ಲಲಿ ಎಂದೇ. 30 ಸೆಕೆಂಡಿಗೊಮ್ಮೆ ಸುದ್ದಿ ಹೇಳುವ ಪ್ರೊಟೊಕಾಲ್‌ನಲ್ಲಿ ಅಲ್ಲಿಯವರೆಗೆ ಎಣಿಸಲು ನಿಮಿಷಗಳೇ ಬೇಕು. ಯಾರಿಂದ ಕೇಳಿದೆವೋ ಅವರಿಗೇ ಅದನ್ನು ತಿರುಗಿ ಹೇಳಬಾರದೆಂಬ ಸ್ಪ್ಲಿಟ್ ಹೊರೈಜನ್ ನಿಯಮ ಇಬ್ಬರ ನಡುವಿನ ಈ ಭ್ರಮೆಯನ್ನು ಬಿಡಿಸುತ್ತದೆ, ಆದರೆ ಮೂವರು ತ್ರಿಕೋನವಾಗಿ ನಿಂತಿದ್ದರೆ ಸುದ್ದಿ ಸುತ್ತು ಹೊಡೆದು ಇನ್ನೊಂದು ಬಾಗಿಲಿನಿಂದ ಬರಬಹುದು.

ಹಳೆಯ ಕಡತ:

ಲಿಂಕ್ ಸ್ಟೇಟ್ ಎಂದರೆ ಪ್ರತ್ಯಕ್ಷ ಸಾಕ್ಷಿ, ಆದ್ದರಿಂದ ಮೋಸವಿಲ್ಲ ಎಂಬ ಧ್ವನಿ ಮೇಲಿನ ಮಾತಿನಲ್ಲಿದೆ. ಸಾಕ್ಷಿಯ ಹೇಳಿಕೆಯೇ ದಾರಿಯಲ್ಲಿ ತಿದ್ದಿಹೋದರೆ ಏನಾಗುತ್ತದೆ ಎಂಬುದಕ್ಕೆ 1980ರ ಅಕ್ಟೋಬರ್ 27ರ ಆರ್ಪಾನೆಟ್ (ಇಂಟರ್‌ನೆಟ್‌ನ ಪೂರ್ವಜ ಜಾಲ) ಇದೆ. ಆರ್ಪಾನೆಟ್ ಮೊದಲು ಡಿಸ್ಟೆನ್ಸ್ ವೆಕ್ಟರ್ ಬಗೆಯ ರೂಟಿಂಗ್ ಬಳಸುತ್ತಿದ್ದು, ಅದಾಗಲೇ ಲಿಂಕ್ ಸ್ಟೇಟ್‌ಗೆ ಬದಲಾಗಿತ್ತು. ಪ್ರತಿ ಸಾರಿಕೆಗೂ 6 ಬಿಟ್‌ನ ಕ್ರಮಸಂಖ್ಯೆ ಇರುತ್ತಿತ್ತು, ಹೊಸದು ಬಂದರೆ ಹಳೆಯದನ್ನು ಎಸೆಯಬೇಕು. 63 ಆದ ಮೇಲೆ ಸಂಖ್ಯೆ 0 ಗೆ ತಿರುಗುವುದರಿಂದ ಯಾವುದು ಹೊಸದೆಂಬುದನ್ನು ವೃತ್ತದ ಮೇಲೆ ತೀರ್ಮಾನಿಸುತ್ತಿದ್ದರು: ವ್ಯತ್ಯಾಸ 32 ಅಥವಾ ಅದಕ್ಕಿಂತ ಕಡಿಮೆಯಾದರೆ ದೊಡ್ಡದು ಹೊಸದು, ಅದಕ್ಕಿಂತ ಹೆಚ್ಚಾದರೆ ಚಿಕ್ಕದು ಹೊಸದು.

ಅಂದು ಯಂತ್ರಾಂಶದ ದೋಷದಿಂದ ಬಿಟ್‌ಗಳು ಉದುರಿ, ಒಂದೇ ಯಂತ್ರದ ಹೆಸರಿನಲ್ಲಿ 44, 40, 8 ಎಂಬ ಮೂರು ಕ್ರಮಸಂಖ್ಯೆಗಳ ಸಾರಿಕೆಗಳು ಜಾಲದಲ್ಲಿ ಒಟ್ಟಿಗೆ ಓಡಾಡತೊಡಗಿದವು. ಬೈನರಿಯಲ್ಲಿ ಬರೆದು ನೋಡಿ: 101100, 101000, 001000, ಒಂದೊಂದೇ ಬಿಟ್ ಬಿದ್ದಿದೆ. ಈಗ ನಿಯಮ ಹಚ್ಚಿ. 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು, 44ಕ್ಕೂ 8ಕ್ಕೂ ವ್ಯತ್ಯಾಸ 36 ಆದ್ದರಿಂದ 44ಕ್ಕಿಂತ 8 ಹೊಸದು! ಮೂರೂ ಒಂದಕ್ಕಿಂತ ಒಂದು ಹೊಸವಾದವು. ಪ್ರತಿಯೊಂದು ಯಂತ್ರವೂ ಒಂದನ್ನು ಎಸೆದು ಇನ್ನೊಂದನ್ನು ಸ್ವೀಕರಿಸಿ ನೆರೆಯವರಿಗೆ ಹಂಚುತ್ತ ಹೋಯಿತು, ಬೇರೆ ಕೆಲಸಕ್ಕೆ ಪುರಸೊತ್ತಿಲ್ಲದೆ ಇಡೀ ಜಾಲ ಹಲವು ಗಂಟೆ ಸ್ತಬ್ಧವಾಯಿತು. ಓಎಸ್‌ಪಿಎಫ್‌ನ ಸಾರಿಕೆಗಳಿಗೆ 32 ಬಿಟ್‌ನ, ವೃತ್ತವಲ್ಲದೆ ನೇರ ಗೆರೆಯಲ್ಲಿ ಏರುವ ಕ್ರಮಸಂಖ್ಯೆ, ಚೆಕ್‌ಸಮ್ ಮತ್ತು ವಯಸ್ಸು ಇವೆ; ಒಂದು ಗಂಟೆ ತುಂಬಿದ ಸಾರಿಕೆ ಸಾಯುತ್ತದೆ, ಆದ್ದರಿಂದ ಒಡೆಯ ಅದನ್ನು ಅರ್ಧ ಗಂಟೆಗೊಮ್ಮೆ ನವೀಕರಿಸಬೇಕು. ಪುಸ್ತಕದಲ್ಲಿ ಒಣ ಅಂಕಿಗಳಂತೆ ಕಾಣುವ ಇವು ಅಂತಹ ಪೆಟ್ಟು ಮತ್ತೆ ಬೀಳದಂತೆ ಕಟ್ಟಿದ ತಡೆಗಳು.

ಗಡಿ ರೂಟರ್:

ನಾನು ಬಿಜಿಪಿಯ ಪರವಾಗಿ ಒಂದು ಮಾತು ಹೇಳಬೇಕು. ಮೇಲೆ ಎಲ್ಲರೂ 'ಅತ್ಯುತ್ತಮ ದಾರಿ' ಎಂದರೆ ಹತ್ತಿರದ ದಾರಿ ಎಂದೇ ಭಾವಿಸಿದ್ದಾರೆ. ಒಂದೇ ಆಡಳಿತದ ಜಾಲದೊಳಗೆ ಅದು ಸರಿ. ಸ್ವತಂತ್ರ ಜಾಲಗಳು, ಅಂದರೆ ಆಟಾನಮಸ್ ಸಿಸ್ಟಮ್‌ಗಳು, ಒಂದರೊಡನೊಂದು ಕೂಡುವ ಗಡಿಯಲ್ಲಿ ದಾರಿಯ ಉದ್ದಕ್ಕಿಂತ ಯಾರು ಯಾರಿಗೆ ಹಣ ಕೊಡುತ್ತಾರೆ ಎಂಬುದು ಮುಖ್ಯ. ಕರ್ಕ್ ಲಾಹೀಡ್ ಮತ್ತು ಯಾಕೋವ್ ರೆಖ್ಟರ್ 1989ರಲ್ಲಿ ಊಟದ ಮೇಜಿನ ಕಾಗದದ ಕರವಸ್ತ್ರಗಳ ಮೇಲೆ ಗೀಚಿದ ಈ ಪ್ರೊಟೊಕಾಲ್ ಇವತ್ತಿಗೂ ಟಿಸಿಪಿಯ 179ನೆಯ ಪೋರ್ಟ್‌ನಲ್ಲಿ ಅದೇ ಕೆಲಸ ಮಾಡುತ್ತಿದೆ. ಅದರ ಆಯ್ಕೆಯ ಸರಣಿಯಲ್ಲಿ ನಿರ್ವಾಹಕ ಕೊಟ್ಟ ಲೋಕಲ್ ಪ್ರಿಫರೆನ್ಸ್ ಮೊದಲು ಬರುತ್ತದೆ, ಎಎಸ್ ಪಾತ್‌ನ, ಅಂದರೆ ದಾರಿಯಲ್ಲಿ ದಾಟುವ ಸ್ವತಂತ್ರ ಜಾಲಗಳ ಪಟ್ಟಿಯ, ಉದ್ದ ಅದರ ನಂತರ. ಅಷ್ಟೇ ಅಲ್ಲ, ಲೋಕಲ್ ಪ್ರಿಫರೆನ್ಸ್ ಹೆಚ್ಚಿದ್ದಷ್ಟೂ ಮೇಲು. ಮೆಟ್ರಿಕ್ ಮತ್ತು ಡಿಸ್ಟೆನ್ಸ್‌ಗಳಲ್ಲಿ ಕಡಿಮೆ ಇದ್ದಷ್ಟೂ ಮೇಲು. ಈ ತಲೆಕೆಳಗನ್ನು ಮೊದಲ ಸಲ ಎಡವದೆ ದಾಟಿದವರನ್ನು ನಾನು ಕಂಡಿಲ್ಲ.

ಅಂದಹಾಗೆ ಹೊಸ ಕೇಬಲ್ ಅವರಿಗೆ ಆದ ಅನುಭವವೇ 2008ರ ಫೆಬ್ರವರಿ 24ರಂದು ಯೂಟ್ಯೂಬ್‌ಗೆ ಆಗಿತ್ತು. ಯೂಟ್ಯೂಬ್ 208.65.152.0/22 ಎಂದು ಲೋಕಕ್ಕೆ ಸಾರಿಕೊಂಡಿತ್ತು. ಪಾಕಿಸ್ತಾನದೊಳಗೆ ಅದನ್ನು ತಡೆಯಲೆಂದು ಪಾಕಿಸ್ತಾನ್ ಟೆಲಿಕಾಂ ಬಳಸಿದ 208.65.153.0/24 ಎಂಬ ರೂಟ್ ಹೊರಗೆ ಸೋರಿ, ಅದರ ಮೇಲಿನ ಸಂಪರ್ಕದಾರರ ಮೂಲಕ ಜಗತ್ತಿಗೆಲ್ಲ ಹರಡಿತು. 22ಕ್ಕಿಂತ 24 ಉದ್ದ. ಪಾತ್ ಎಷ್ಟು ದೂರದ್ದೆಂದು ಯಾವ ರೂಟರ್ ಕೂಡ ಕೇಳಲಿಲ್ಲ. ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗದ ಯೂಟ್ಯೂಬ್ ದಟ್ಟಣೆ ಆ ಕಡೆ ಹರಿಯಿತು. ಯೂಟ್ಯೂಬ್ ಮೊದಲು ಅದೇ /24 ಅನ್ನು ತಾನೂ ಸಾರಿತು, ಅದು ಸಾಲದೆ ಎರಡು /25 ಗಳನ್ನು ಸಾರಿತು. ಆರ್‌ಪಿಕೆಐ ಎಂಬ ಸಹಿ ವ್ಯವಸ್ಥೆಯಲ್ಲಿ ಪ್ರಿಫಿಕ್ಸ್ ಯಾರದೆಂಬುದರ ಜೊತೆಗೆ ಎಷ್ಟು ಉದ್ದದವರೆಗೆ ಸಾರಬಹುದೆಂಬ ಮಿತಿಯನ್ನೂ ಬರೆದಿಡುವುದಕ್ಕೆ ಕಾರಣ ಇಂಥದ್ದೇ.

ಹೊಸ ಕೇಬಲ್:

ನನ್ನ ಪುಟ್ಟ ತಪ್ಪಿಗೆ ಇಷ್ಟು ದೊಡ್ಡ ಜೊತೆಗಾರರಿದ್ದಾರೆಂದು ತಿಳಿದು ಸಮಾಧಾನವಾಯಿತು. ಇವತ್ತು 10.20.30.0/24 ಗೇ ಸ್ಟ್ಯಾಟಿಕ್ ರೂಟ್ ಬರೆದೆ. ಈಗ ಪ್ರಿಫಿಕ್ಸ್ ಒಂದೇ ಆದ್ದರಿಂದ ಡಿಸ್ಟೆನ್ಸ್ 1 ಗೆದ್ದಿತು, ಟ್ರೇಸ್‌ರೂಟ್ ಹೊಸ ಲಿಂಕ್ ತೋರಿಸಿತು. ಆದರೆ ಹೊಸ ರಗಳೆ: 10.20.30.7 ಗೆ ಪಿಂಗ್ ಸರಿಯಾಗಿ ಹೋಗಿಬರುತ್ತದೆ, ಅದೇ ಯಂತ್ರದ ವೆಬ್ ಪುಟ ಮಾತ್ರ ತೆರೆಯುವುದಿಲ್ಲ. ಪಿಂಗ್ ಬರುತ್ತದೆ ಎಂದ ಮೇಲೆ ರೂಟಿಂಗ್ ಸರಿ ಎಂದರ್ಥವಲ್ಲವೆ?

ರಾತ್ರಿಪಾಳಿ:

ಒಂದು ದಿಕ್ಕಿನ ರೂಟಿಂಗ್ ಸರಿ. ಹೋಗುವ ದಾರಿಯನ್ನು ನಿಮ್ಮ ರೂಟರ್ ತೀರ್ಮಾನಿಸುತ್ತದೆ, ಬರುವ ದಾರಿಯನ್ನು ಆಚೆಯ ರೂಟರ್. ಪ್ಯಾಕೆಟ್ ತಾನು ಬಂದ ದಾರಿಯನ್ನು ನೆನಪಿಟ್ಟುಕೊಂಡು ಹಿಂದಿರುಗುವುದಿಲ್ಲ. ಆಚೆಯ ರೂಟರ್‌ನಲ್ಲಿ ನೀವು ಏನನ್ನೂ ಬದಲಿಸಿಲ್ಲವಾದ್ದರಿಂದ ಉತ್ತರಗಳು ಓಎಸ್‌ಪಿಎಫ್ ಹೇಳಿದಂತೆ ಹಳೆಯ ಲಿಂಕ್‌ನಲ್ಲಿ ಬರುತ್ತಿವೆ. ಟಿಸಿಪಿಯ ಮೊದಲ, ಸಂಪರ್ಕ ಕೋರುವ ಸಿನ್ ಪ್ಯಾಕೆಟ್ ಹೊಸ ಲಿಂಕ್‌ನ ಫೈರ್‌ವಾಲ್ ದಾಟಿ ಹೋಯಿತು. ಅದರ ಉತ್ತರ ಹಳೆಯ ಲಿಂಕ್‌ನಲ್ಲಿ ಬಂದದ್ದರಿಂದ ಫೈರ್‌ವಾಲ್ ಅದನ್ನು ಕಾಣಲೇ ಇಲ್ಲ. ಮೂರನೆಯ ಪ್ಯಾಕೆಟ್ ಮತ್ತೆ ಫೈರ್‌ವಾಲ್‌ಗೆ ಬಂದಾಗ 'ಉತ್ತರವೇ ಬಾರದ ಸಂಭಾಷಣೆಗೆ ಇದೆಂಥ ಮುಂದುವರಿಕೆ' ಎಂದು ಅದು ಎಸೆಯಿತು. ಪಿಂಗ್‌ಗೆ ಈ ಮೂರು ಹೆಜ್ಜೆಯ ಕಟ್ಟುಪಾಡಿಲ್ಲ, ಹಾಗಾಗಿ ಅದು ಬಚಾವಾಯಿತು.

ಆಚೆಯೂ ಒಂದು ಸ್ಟ್ಯಾಟಿಕ್ ರೂಟ್ ಬರೆದರೆ ಇವತ್ತಿನ ತೊಂದರೆ ಕಳೆಯುತ್ತದೆ. ಆದರೂ ಬೇಡ ಎನ್ನುತ್ತೇನೆ. ನಿಮ್ಮ ಲಿಂಕ್‌ನ ನಡುವೆ ಫೈರ್‌ವಾಲ್ ಇದೆ. ಅದರ ಆಚೆ ಬದಿಯ ಕೇಬಲ್ ಹೋದರೂ ನಿಮ್ಮ ಬದಿಯ ಇಂಟರ್‌ಫೇಸ್ ಜೀವಂತವಾಗಿಯೇ ಇರಬಹುದು. ಸ್ಟ್ಯಾಟಿಕ್ ರೂಟ್ ಟೇಬಲ್‌ನಿಂದ ಇಳಿಯುವುದಿಲ್ಲ. ಹಳೆಯ ಲಿಂಕ್ ಪಕ್ಕದಲ್ಲೇ ಸುಮ್ಮನೆ ಕುಳಿತಿರುವಾಗ ಪ್ಯಾಕೆಟ್‌ಗಳೆಲ್ಲ ಬಾವಿಗೆ ಬೀಳುತ್ತವೆ.

ಸ್ಟ್ಯಾಟಿಕ್ ರೂಟ್‌ನ ಮೇಲೆ ನನಗೆ ಸಿಟ್ಟು ಬರಲು ಹಳೆಯ ಕಾರಣವಿದೆ. ಒಮ್ಮೆ ನಾನು ಒಂದು ಶಾಖೆಯ ಎಲ್ಲ /24 ಗಳನ್ನು ಒಟ್ಟುಗೂಡಿಸಿ ಕೇಂದ್ರದ ರೂಟರ್‌ನಲ್ಲಿ ಒಂದೇ /16 ಸ್ಟ್ಯಾಟಿಕ್ ಬರೆದು, ಟೇಬಲ್ ಎಷ್ಟು ಚೊಕ್ಕಟವಾಯಿತೆಂದು ಬೀಗಿದೆ. ಶಾಖೆಯ ರೂಟರ್‌ನಲ್ಲಿ ಡೀಫಾಲ್ಟ್ ರೂಟ್ (ಬೇರೆ ಯಾವ ಸಾಲೂ ಹೊಂದದಾಗ ಹಿಡಿಯುವ ದಾರಿ) ಕೇಂದ್ರದ ಕಡೆಗಿತ್ತು. ಯಾವುದೋ ಯಂತ್ರ ಆ /16 ರಲ್ಲಿ ಇನ್ನೂ ಬಳಕೆಗೆ ಬಾರದ ವಿಳಾಸಗಳನ್ನು ಒಂದೊಂದಾಗಿ ತಟ್ಟತೊಡಗಿತು. ಕೇಂದ್ರ ಅದನ್ನು ಶಾಖೆಗೆ ಕಳಿಸಿತು. ಶಾಖೆಗೆ ಅಂಥ /24 ಇಲ್ಲ, ಡೀಫಾಲ್ಟ್ ಹಿಡಿದು ಕೇಂದ್ರಕ್ಕೆ ತಿರುಗಿಸಿತು. ಕೇಂದ್ರ ಮತ್ತೆ ಶಾಖೆಗೆ. ಟಿಟಿಎಲ್ (ಪ್ರತಿ ರೂಟರ್‌ನಲ್ಲೂ ಒಂದೊಂದು ಕಡಿಮೆಯಾಗುವ ಆಯುಷ್ಯ) 64 ಇಟ್ಟು ಹೊರಟ ಒಂದೊಂದು ಪ್ಯಾಕೆಟ್ ಕೂಡ ಸಾಯುವ ಮುನ್ನ ಅದೇ ಲಿಂಕನ್ನು 60ಕ್ಕೂ ಹೆಚ್ಚು ಸಲ ದಾಟುತ್ತಿತ್ತು, ಸಣ್ಣ ತೊರೆಯಂತಿದ್ದ ದಟ್ಟಣೆ ಲಿಂಕನ್ನೇ ಮುಳುಗಿಸಿತು. ಶಾಖೆಯ ರೂಟರ್‌ನಲ್ಲಿ ಅದೇ /16 ಅನ್ನು ನಲ್ ಇಂಟರ್‌ಫೇಸ್‌ಗೆ ತೋರಿಸುವ ಒಂದು ಸಾಲು ಬರೆದಾಗ ಎಲ್ಲ ತಣ್ಣಗಾಯಿತು: ಇರುವ /24 ಗಳು ಉದ್ದದ ಪ್ರಿಫಿಕ್ಸ್‌ನ ಬಲದಿಂದ ಎಂದಿನಂತೆ ಹೋದವು, ಇಲ್ಲದವು ಡೀಫಾಲ್ಟ್ ಹಿಡಿಯದೆ ಅಲ್ಲಿಯೇ ಕಸದ ಬುಟ್ಟಿಗೆ ಬಿದ್ದವು.

ಆದ್ದರಿಂದ ಅನುಮತಿ ಸಿಕ್ಕೊಡನೆ ಎರಡೂ ಲಿಂಕ್‌ಗಳನ್ನು ಓಎಸ್‌ಪಿಎಫ್‌ಗೆ ಒಪ್ಪಿಸಿ, ಸ್ಟ್ಯಾಟಿಕ್ ತೆಗೆಯಿರಿ. ಕಾಸ್ಟ್ ಎಂಬುದು ಹೊರಹೋಗುವ ಇಂಟರ್‌ಫೇಸ್‌ನದು, ಎರಡೂ ತುದಿಯಲ್ಲಿ ಪ್ರತ್ಯೇಕವಾಗಿ ನೋಡಿ. ಫೈರ್‌ವಾಲ್‌ನಲ್ಲಿ ಐಪಿಯ 89ನೆಯ ಪ್ರೊಟೊಕಾಲ್‌ಗೆ ದಾರಿ ಬಿಡಿ, ಓಎಸ್‌ಪಿಎಫ್ ಟಿಸಿಪಿಯೂ ಅಲ್ಲ ಯುಡಿಪಿಯೂ ಅಲ್ಲ.

ಹೊಸ ಕೇಬಲ್:

ಅನುಮತಿ ಸಿಕ್ಕಿತು, ಹೇಳಿದಂತೆಯೇ ಮಾಡಿದೆ. ಆಧಾರ ವೇಗ 1,00,000 ಆದ ಮೇಲೆ ಹಳೆಯ ಲಿಂಕ್‌ನ ಕಾಸ್ಟ್ 100, ಹೊಸದರದು 10, ಆಚೆ ಕಟ್ಟಡದ ಒಳಗಿನ 1 ಗಿಗಾಬಿಟ್ ಇಂಟರ್‌ಫೇಸ್‌ನದು 100. ಟೇಬಲ್ ತೆರೆದಾಗ ಚೌಕ ಆವರಣದಲ್ಲಿ 110/110 ಎಂದು ಕಂಡು ಒಂದು ಕ್ಷಣ ಏನೋ ಕೆಟ್ಟಿತೆಂದುಕೊಂಡೆ. ಆಮೇಲೆ ನಗು ಬಂತು. ಮೊದಲ 110 ಓಎಸ್‌ಪಿಎಫ್ ಅನ್ನು ಎಷ್ಟು ನಂಬಬೇಕೆಂಬುದು, ಎರಡನೆಯ 110 ಎಂದರೆ 10ಕ್ಕೆ 100 ಕೂಡಿಸಿದ್ದು. ವೆಬ್ ಪುಟವೂ ತೆರೆಯಿತು.

ಕೊನೆಗೆ ಕೇಬಲ್ ಕಿತ್ತು ನೋಡಿದೆ. ಸೆಕೆಂಡಿಗೆ ಒಂದರಂತೆ ಪಿಂಗ್ ಓಡಿಸುತ್ತ ರೂಟರ್‌ನ ತುದಿಯಲ್ಲೇ ಕಿತ್ತಾಗ ಒಂದು ಪಿಂಗ್ ಮಾತ್ರ ಕಳೆದುಹೋಯಿತು. ಕೇಬಲ್‌ಗಳನ್ನು ಹಾಗೆಯೇ ಬಿಟ್ಟು ಫೈರ್‌ವಾಲ್‌ನಲ್ಲಿ ಎಲ್ಲ ಪ್ಯಾಕೆಟ್‌ಗಳನ್ನೂ ತಡೆದಾಗ 38 ಕಳೆದುಹೋದವು.

ರಾತ್ರಿಪಾಳಿ:

ಲೆಕ್ಕ ಸರಿಯಿದೆ. ಓಎಸ್‌ಪಿಎಫ್ ನೆರೆಯವರಿಗೆ ಕಳಿಸುವ ಹಲೋ ಸಂದೇಶ 10 ಸೆಕೆಂಡಿಗೊಮ್ಮೆ, 40 ಸೆಕೆಂಡ್ ಒಂದೂ ಹಲೋ ಬಾರದಿದ್ದರೆ ನೆರೆಯವರು ಸತ್ತರೆಂದು ತೀರ್ಮಾನ. ನೀವು ತಡೆದಾಗ ಕೊನೆಯ ಹಲೋ ಬಂದು ಎರಡು ಸೆಕೆಂಡ್ ಆಗಿದ್ದಿರಬೇಕು. ಹೊಸ ಲಿಂಕ್ ಮೇಲೆ ಬಿಎಫ್‌ಡಿ (ಲಿಂಕ್ ಜೀವಂತವಿದೆಯೇ ಎಂದು ಬೇಗಬೇಗ ಪರೀಕ್ಷಿಸುವ ಪ್ರೊಟೊಕಾಲ್) ಹಾಕಿ. 300 ಮಿಲಿಸೆಕೆಂಡಿಗೊಂದು ಸಂದೇಶ, ಸತತ ಮೂರು ತಪ್ಪಿದರೆ ಲಿಂಕ್ ಸತ್ತಂತೆ ಎಂದು ಇಟ್ಟರೆ ಒಂದು ಸೆಕೆಂಡ್ ಕಳೆಯುವಷ್ಟರಲ್ಲಿ ಓಎಸ್‌ಪಿಎಫ್‌ಗೆ ಸುದ್ದಿ ಮುಟ್ಟುತ್ತದೆ. ಎರಡೂ ತುದಿಯಲ್ಲಿ ಹಾಕಬೇಕು, ಮತ್ತು ಫೈರ್‌ವಾಲ್‌ನಲ್ಲಿ ಯುಡಿಪಿ 3784 ತೆರೆದಿರಬೇಕು.